ಆನೆಬೇಲಿಯೂ ಕನ್ನಡದ ಅರ್ಜಿಯೂ

ತಾಳವಾಡಿ ಸೀಮೆಯಲ್ಲಿ ರಾಗಿ ತೆನೆ ಬಲಿಯುವ ಕಾಲ ಬಂತೆಂದರೆ ರೈತನಿಗೆ ನಿದ್ರೆಯಿಲ್ಲ. ಹಗಲೆಲ್ಲ ದುಡಿದವನು ರಾತ್ರಿ ತಮಟೆ ಹಿಡಿದು ಅಟ್ಟಣೆಯ ಮೇಲೆ ಕೂರಬೇಕು. 2013ರಲ್ಲಿ ಹುಲಿ ರಕ್ಷಿತಾರಣ್ಯವೆಂದು ಸಾರಲ್ಪಟ್ಟ ಸತ್ಯಮಂಗಲದ ಕಾಡು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮುದುಮಲೆಗಳೊಡನೆ ಒಂದಾಗಿ ಹಬ್ಬಿದೆ. ಆನೆಗೆ ರಾಜ್ಯಗಳ ಗಡಿಕಲ್ಲು ತಿಳಿಯದು. (ಗಡಿಕಲ್ಲಿನ ಕಷ್ಟ ತಿಳಿದಿರುವುದು ನಮಗೆ ಮಾತ್ರ!)

ಕಾಡುಪ್ರಾಣಿಗಳನ್ನೆಲ್ಲ ಕೊಂದುಬಿಡಬೇಕೆಂದು ಕೋಪದಲ್ಲಿ ಆಡುವ ಮಾತನ್ನು ನಾವು ಒಪ್ಪುವುದಿಲ್ಲ. ಅವುಗಳನ್ನು ಸಾಕುವ ಖರ್ಚನ್ನೆಲ್ಲ ಕಾಡಂಚಿನ ರೈತನೊಬ್ಬನೇ ಹೊರತಕ್ಕದ್ದೆಂಬುದನ್ನೂ ಒಪ್ಪುವುದಿಲ್ಲ.

ಮೊದಲು ಬೇಲಿಯ ಮಾತು. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಹರಿಸುವುದು ಅಪರಾಧ; ಕತ್ತಲಲ್ಲಿ ಅದನ್ನು ತುಳಿಯುವವನು ನೆರೆಹೊಲದವನ ಮಗನೂ ಆಗಬಹುದು. 2023ರ ಮಾರ್ಚ್ ತಿಂಗಳಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಇಂಥ ತಂತಿಗೆ ಸಿಕ್ಕಿ ಮೂರು ಹೆಣ್ಣಾನೆಗಳು ಸತ್ತವು, ಎರಡು ಮರಿಗಳು ತಬ್ಬಲಿಯಾದವು, ಹೊಲದವನನ್ನು ಬಂಧಿಸಿದರು. ಸೌರಬೇಲಿಯ ರೀತಿ ಬೇರೆ. ಅದರ ಯಂತ್ರವು ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಹೊಡೆತ ಕೊಡುತ್ತದೆ. ಪ್ರಾಣಿ ಬೆದರುತ್ತದೆ, ಸಾಯುವುದಿಲ್ಲ. ಆದರೆ ಹುಲ್ಲೋ ಲಾಂಟಾನವೋ ತಂತಿಗೆ ತಾಗಿದರೆ ಶಕ್ತಿಯೆಲ್ಲ ನೆಲಕ್ಕಿಳಿದುಹೋಗುತ್ತದೆ. ಆನೆಗೆ ಇದು ಬಹುಬೇಗ ತಿಳಿಯುತ್ತದೆ. ದಂತದಿಂದ ತಂತಿ ಕೀಳುವುದನ್ನೂ, ಬೇಲಿಯ ಮೇಲೆ ಮರ ಕೆಡವುವುದನ್ನೂ ಅದು ಬಲ್ಲದು. ಒಬ್ಬೊಬ್ಬರೂ ತಮ್ಮ ಎರಡೆಕರೆಗೆ ಮಾತ್ರ ಬೇಲಿ ಕಟ್ಟಿದರೆ ಆನೆ ಪಕ್ಕದವನ ಹೊಲಕ್ಕೆ ತಿರುಗುತ್ತದೆ. ಆದುದರಿಂದ ಕಾಡಂಚಿನುದ್ದಕ್ಕೂ ಊರೊಟ್ಟಿನ ಬೇಲಿ ಬೇಕು, ಗಿಡ ಸವರಲು ಮನೆಗೊಂದಾಳಿನ ಸರದಿ ಬೇಕು, ಬ್ಯಾಟರಿ ಬದಲಿಸಲು ಊರ ನಿಧಿ ಬೇಕು. ಕಂದಕಕ್ಕೂ ಇದೇ ಮಾತು; ಮಳೆಗೆ ದಡ ಕುಸಿದು ಹೂಳು ತುಂಬಿದರೆ ಅದೇ ಆನೆಯ ರಹದಾರಿ.

ಕಾರಾಪಳ್ಳಂ ಚೆಕ್‌ಪೋಸ್ಟಿನ ಬಳಿ ಲಾರಿಯಿಂದ ಕಬ್ಬು ಎಸೆಯುವವರು ಪುಣ್ಯ ಕಟ್ಟಿಕೊಂಡೆವೆಂದು ತಿಳಿದಿದ್ದಾರೋ ಏನೋ! ರುಚಿ ಕಂಡ ಆನೆ ರಸ್ತೆ ಬಿಟ್ಟು ಹೋದೀತೆ?

ಇನ್ನು ಚಿರತೆ. ಅದು ಕುರಿ ಕರುಗಳನ್ನು ಒಯ್ಯುವುದು ಹೆಚ್ಚಾಗಿ ರಾತ್ರಿ, ಮೇಲೆ ಮುಚ್ಚಿಗೆಯಿಲ್ಲದ ದೊಡ್ಡಿಯಿಂದ. ಸುತ್ತಲಿನ ಗೋಡೆಯಷ್ಟೇ ಸಾಲದು, ಮೇಲೂ ಗಟ್ಟಿ ಬಲೆ ಹೊದಿಸಬೇಕು. ಸತ್ತ ದನಕ್ಕೆ ವಿಷ ಸವರುವವರು ಈಗಲೂ ಇದ್ದಾರೆ. ಅದನ್ನು ತಿಂದು ಊರ ನಾಯಿಯೂ ಸಾಯುತ್ತದೆ, ಮೋಯಾರು ಕಣಿವೆಯ ರಣಹದ್ದೂ ಸಾಯುತ್ತದೆ. ದಕ್ಷಿಣದೇಶದಲ್ಲಿ ರಣಹದ್ದು ಇನ್ನೂ ಗೂಡು ಕಟ್ಟುವ ಕೆಲವೇ ತಾಣಗಳಲ್ಲಿ ಆ ಕಣಿವೆಯೊಂದು. ವಿಷವಿಟ್ಟವನಿಗೆ ಪರಿಹಾರದ ಬದಲು ಮೊಕದ್ದಮೆ ಬರುತ್ತದೆ.

ದನ ಸತ್ತರೆ ಕಳೇಬರವನ್ನು ಕದಲಿಸದೆ, ಫೋಟೋ ತೆಗೆದು, ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ಅಂದೇ ತಿಳಿಸಿರಿ. ತಮಿಳು ಓದಲಾರದ ಮುದುಕರು ಅರ್ಜಿ ಬರೆಸಲು ಇನ್ನೊಬ್ಬರ ಮನೆಬಾಗಿಲಲ್ಲಿ ನಿಲ್ಲುವಷ್ಟರಲ್ಲಿ ಗುರುತೆಲ್ಲ ಅಳಿಸಿಹೋಗುತ್ತದೆ. ಸಂಕಟ ನಿವಾರಣೆಗಾಗಿ ಯಾವ ಅಧಿಕಾರಿಗಾದರೂ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಅಚ್ಚಾದ ನಮೂನೆಯನ್ನೇ ಕನ್ನಡದಲ್ಲಿಯೂ ಒದಗಿಸಬೇಕೆಂಬುದು ಸರಕಾರಕ್ಕೆ ನಮ್ಮ ಒತ್ತಾಯ. ಅಲ್ಲಿಯವರೆಗೆ ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿಯೇ ಬರೆದು ಕೊಡಿರಿ. ನಕಲಿನ ಮೇಲೆ ಕಚೇರಿಯ ಮೊಹರನ್ನೂ ತಾರೀಖನ್ನೂ ಹಾಕಿಸಿಕೊಳ್ಳದೆ ಮನೆಗೆ ಹಿಂತಿರುಗಬೇಡಿರಿ.