ಹಳೆಯ ಫೋನ್ ಬಾಕಿ: ಮೊದಲು ಲೆಕ್ಕ ತೋರಿಸಲಿ

ಲ್ಯಾಂಡ್‌ಲೈನ್ ತೆಗೆಸಿ ಹತ್ತು ವರ್ಷವಾಗಿರುತ್ತದೆ, ಇಲ್ಲವೇ ಪೋಸ್ಟ್‌ಪೇಯ್ಡ್ ಸಿಮ್ ಬಿಟ್ಟು ಐದಾರು ವರ್ಷ. ಆಗ ವಕೀಲರ ಲೆಟರ್‌ಹೆಡ್ಡಿನಲ್ಲಿ ನೋಟಿಸ್ ಬರುತ್ತದೆ. ಬೆನ್ನಿಗೇ ವಸೂಲಿ ಏಜೆಂಟರ ಫೋನು. ವಿಜಯಪುರದ ಇಬ್ರಾಹಿಂಪುರದಲ್ಲಿರುವವರಾಗಲಿ, ತಿಕೋಟಾ, ಬಬಲೇಶ್ವರದವರಾಗಲಿ, ಇಂಥ ಕಾಗದ ಕೈಗೆ ಬಂದರೆ ಹೆದರಿ ಕಟ್ಟಿಬಿಡುವುದೂ ಸರಿಯಲ್ಲ, ಹರಿದು ಒಗೆಯುವುದೂ ಸರಿಯಲ್ಲ. ಬಾಕಿ ಕೇಳುವವರು ಮೊದಲು ಲೆಕ್ಕ ಕೊಡಲಿ, ಅಲ್ಲಿಯವರೆಗೆ ದುಡ್ಡೂ ಇಲ್ಲ, ಸಹಿಯೂ ಇಲ್ಲ ಎನ್ನುವುದು ಮೊಂಡುತನವಲ್ಲ, ಗ್ರಾಹಕನ ಹಕ್ಕು.

ಈ ಹಕ್ಕಿಗೆ 1963ರ ಕಾಲಮಿತಿ ಕಾಯ್ದೆಯ ಬಲವಿದೆ. ಇಂಥ ಬಾಕಿಗೆ ಖಾಸಗಿ ಕಂಪನಿ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷ ಮಾತ್ರ ಅವಕಾಶ. ಆ ಅವಧಿಯೊಳಗೆ ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿ ಸಹಿ ಮಾಡಿದರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಅವಧಿ ಮುಗಿದ ಮೇಲೂ ಒಂದು ಅಪಾಯ ಉಳಿದೇ ಇದೆ: 'ಕಟ್ಟುತ್ತೇನೆ' ಎಂದು ಬರೆದು ಸಹಿ ಹಾಕಿದರೆ, ಕರಾರು ಕಾಯ್ದೆಯ 25(3)ನೇ ಕಲಮಿನಂತೆ ಸತ್ತ ಬಾಕಿಗೂ ಜೀವ ಬರುತ್ತದೆ. 'ಒಂದು ಸಹಿ ಮಾಡಿ ಸಾಕು, ಕೇಸ್ ಮುಗಿಸುತ್ತೇವೆ' ಎಂಬ ನಯವಾದ ಮಾತಿಗೆ ಅದಕ್ಕೇ ಎಚ್ಚರ ಬೇಕು. ಇನ್ನು ಲೆಕ್ಕದ ವಿಷಯ. ಕರ್ನಾಟಕದಲ್ಲಿ ಹೆಸರು ಮಾಡಿದ್ದ ಮೊಬೈಲ್ ಕಂಪನಿ ಸ್ಪೈಸ್, ಐಡಿಯಾದ ಪಾಲಾಯಿತು. ಐಡಿಯಾ 2018ರಲ್ಲಿ ವೊಡಾಫೋನ್ ಜೊತೆ ಸೇರಿತು. ಏರ್‌ಸೆಲ್ ಅದೇ ವರ್ಷ ದಿವಾಳಿಯಾಯಿತು. ಇಷ್ಟು ಕೈ ಬದಲಾದ ಮೇಲೆ ಬಾಕಿ ಕೇಳಲು ಬಂದವರಿಗೆ ಆ ಅಧಿಕಾರ ಕೊಟ್ಟವರು ಯಾರು? ಬಿಲ್ಲಿನ ಪ್ರತಿ ಎಲ್ಲಿ? ಲ್ಯಾಂಡ್‌ಲೈನಿಗೆ ಕಟ್ಟಿದ್ದ ಡೆಪಾಜಿಟ್ ವಜಾ ಮಾಡಿದ್ದಾರೆಯೇ? ಈ ಡೆಪಾಜಿಟ್ಟನ್ನು ಕೊಟ್ಟವರೇ ಮರೆತಿರುತ್ತಾರೆ, ಪಡೆದವರು ನೆನಪಿಸುವುದು ಅಪರೂಪ.

ಹೆಚ್ಚು ಗೊಂದಲ ಲೋಕ ಅದಾಲತ್ ನೋಟಿಸಿನದು. ಕಾನೂನು ಸೇವಾ ಪ್ರಾಧಿಕಾರದ ಮುದ್ರೆ ಕಂಡೊಡನೆ ಕೇಸ್ ಬಿತ್ತೆಂದು ಎದೆ ಒಡೆದುಕೊಳ್ಳಬೇಕಿಲ್ಲ. ದಾವೆಗೆ ಮುಂಚಿನ ಇಂಥ ನೋಟಿಸು ರಾಜಿಗೆ ಕರೆ, ಸಮನ್ಸ್ ಅಲ್ಲ. ಸಾಮಾನ್ಯ ಲೋಕ ಅದಾಲತ್ತಿನಲ್ಲಿ ಒಪ್ಪಿಗೆಯಿಲ್ಲದೆ ಏನೂ ತೀರ್ಮಾನವಾಗದು. ಒಪ್ಪಿದರೆ ಮಾತ್ರ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲೂ ಇಲ್ಲ. ಬಾಕಿ ನಿಜವಿದ್ದು ಮೊತ್ತ ಇಳಿಸಿದರೆ ರಾಜಿ ಒಳ್ಳೆಯದೇ. ಲೆಕ್ಕ ನೋಡದೆ ಮಾಡಿದ ರಾಜಿ ಕೊರಳಿಗೆ ಬರುತ್ತದೆ. ನಿಜವಾದ ಕೋರ್ಟ್ ಸಮನ್ಸ್ ಬಂದರೆ ಮಾತ್ರ ತಪ್ಪದೆ ಹಾಜರಾಗಬೇಕು.

ಮಾತಾಡುವಾಗ ಚೆನ್ನಾಗಿತ್ತು, ಕಟ್ಟುವಾಗ ಕಾಯ್ದೆ ನೆನಪಾಯಿತೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕಾಲಮಿತಿ ಋಣವನ್ನು ಅಳಿಸುವುದಿಲ್ಲ, ಕೋರ್ಟಿನ ಬಾಗಿಲನ್ನಷ್ಟೇ ಮುಚ್ಚುತ್ತದೆ. ಬಳಸಿದ್ದು ಖಚಿತವಿದ್ದವರು ಕಟ್ಟಿ ರಸೀದಿ ಪಡೆಯಲಿ. ಪೋಸ್ಟ್‌ಪೇಯ್ಡ್ ಬಾಕಿ ಕ್ರೆಡಿಟ್ ವರದಿಯಲ್ಲೂ ಕಾಣಿಸಿಕೊಳ್ಳಬಹುದು. ಆ ವರದಿ ವರ್ಷಕ್ಕೊಮ್ಮೆ ಉಚಿತ, ತೆಗೆಸಿ ನೋಡಬಹುದು. ಆದರೆ ಮೂರು ವರ್ಷ ಸುಮ್ಮನಿದ್ದ ಕಂಪನಿ, ಗ್ರಾಹಕ ಮಾತ್ರ ಹತ್ತು ವರ್ಷದ ರಸೀದಿ ಜೋಪಾನ ಮಾಡಿರಬೇಕೆಂದು ಬಯಸುವುದು ಯಾವ ನ್ಯಾಯ? ಬಿಲ್ ಕಟ್ಟದಿರುವುದಷ್ಟೇ ಸಿವಿಲ್ ವ್ಯಾಜ್ಯ. ಅದಕ್ಕೆ 'ಪೊಲೀಸರನ್ನು ಕರೆತರುತ್ತೇವೆ' ಎನ್ನುವವನು ಏಜೆಂಟನಲ್ಲದೆ ಸೈಬರ್ ವಂಚಕನೂ ಆಗಿರಬಹುದು. ದುಡ್ಡು ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ತಿಳಿಸಬೇಕು.

ಕೊರತೆ ನಿಯಮದಲ್ಲೂ ಇದೆ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಸಾಲಗಾರರಿಗೆ ಫೋನ್ ಮಾಡಬಾರದೆಂದು 2022ರಲ್ಲಿ ಆರ್‌ಬಿಐ ಹೇಳಿದ್ದು ಬ್ಯಾಂಕು, ಹಣಕಾಸು ಸಂಸ್ಥೆಗಳಿಗೆ. ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ 2025ರಲ್ಲಿ ನಮ್ಮ ರಾಜ್ಯ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು ಇದೆ, ಆದರೆ ಅದೂ ಸಾಲಕ್ಕೆ ಸಂಬಂಧಿಸಿದ್ದು. ಫೋನ್ ಬಿಲ್ ಸಾಲವಲ್ಲವಾದ್ದರಿಂದ ಅದನ್ನು ವಸೂಲು ಮಾಡುವವರು ಎರಡರ ನಡುವೆ ನುಸುಳಿಕೊಳ್ಳುತ್ತಾರೆ. ದೂರಸಂಪರ್ಕ ನಿಯಂತ್ರಕ ಟ್ರಾಯ್ ಈ ಕಿಂಡಿ ಮುಚ್ಚಬೇಕು. ಅಲ್ಲಿಯವರೆಗೆ ಲೆಕ್ಕ ಕೇಳಿ ಸ್ಪೀಡ್ ಪೋಸ್ಟಿನಲ್ಲಿ ಉತ್ತರಿಸಿ, ಪ್ರತಿ ಇಟ್ಟುಕೊಳ್ಳುವುದು ಮೊದಲ ಹೆಜ್ಜೆ. ತಪ್ಪು ಬಿಲ್ಲಿನ ತಕರಾರನ್ನು ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗಕ್ಕೂ ಒಯ್ಯಬಹುದು. ದೂರವಾಣಿ ತಕರಾರು ಗ್ರಾಹಕ ವೇದಿಕೆಗೆ ಬರುವುದಿಲ್ಲವೆಂಬ ಹಳೆಯ ಆಕ್ಷೇಪವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ತಳ್ಳಿಹಾಕಿದೆ.