ಊರು ಕೇಳದೆ ಗಂಟೆ ಬರೆಯಬೇಡಿ

ದಿನಾಂಕದ ಬಗ್ಗೆ ಯಾರು ಏನೇ ಕೇಳಲಿ, ನಮ್ಮ ಸಾಫ್ಟ್‌ವೇರ್ ಮಂದಿಯ ಹತ್ತಿರ ಒಂದು ಸಿದ್ಧ ಉತ್ತರ ಇದ್ದೇ ಇರುತ್ತದೆ. "ಎಲ್ಲಾ ಯುಟಿಸಿಗೆ ತಿರುಗಿಸಿ ಡೇಟಾಬೇಸಿಗೆ ಹಾಕು, ತೋರಿಸುವಾಗ ಲೋಕಲ್ ಮಾಡು." ಎಲ್ಲ ಕಾಯಿಲೆಗೂ ಒಂದೇ ಕಷಾಯ! ಕೆಲವು ಕಾಯಿಲೆಗೆ ಇದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಎಲ್ಲದಕ್ಕೂ ಕುಡಿಸುವುದಕ್ಕೆ ಮಾತ್ರ ನನ್ನ ತಕರಾರು.

ಮೊದಲು ಹುಟ್ಟಿದ ದಿನಾಂಕ. ಒಬ್ಬರು 15 ಆಗಸ್ಟ್ 1985 ಅಂತ ಫಾರ್ಮ್ ತುಂಬಿದರು ಅಂದುಕೊಳ್ಳಿ. ಪ್ರೋಗ್ರಾಮು ಅದನ್ನು ಆ ದಿನ ಶುರುವಾಗುವ ಮಧ್ಯರಾತ್ರಿ 12 ಗಂಟೆ ಎಂದು ತಿಳಿದು ಯುಟಿಸಿಗೆ ತಿರುಗಿಸುತ್ತದೆ. ನಾವು ಐದೂವರೆ ಗಂಟೆ ಮುಂದಿರುವುದರಿಂದ ಅದು 14ರ ಸಂಜೆ 6.30. ಮುಂದೆ ಯಾರೋ ಪುಣ್ಯಾತ್ಮರು ಅದರಿಂದ ದಿನಾಂಕವನ್ನಷ್ಟೇ ಕತ್ತರಿಸಿ ಪ್ರಿಂಟ್ ಹಾಕಿದರೆ... 14 ಆಗಸ್ಟ್! ಜಾವಾಸ್ಕ್ರಿಪ್ಟಿನಲ್ಲಿ ಇದರ ಉಲ್ಟಾ ತಮಾಷೆಯೂ ಇದೆ. 1985-08-15 ಎಂದು ಬರೀ ದಿನಾಂಕ ಕೊಟ್ಟರೆ ಅದು ಯುಟಿಸಿ ಅಂತಲೇ ಓದಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಟೆಸ್ಟ್ ಮಾಡಿದವನಿಗೆ 15, ನ್ಯೂಯಾರ್ಕಿನಲ್ಲಿ ನೋಡಿದವನಿಗೆ 14.

ನಮಗೆ ಇದೊಂದು ಬಗ್ ಅಷ್ಟೆ. ಆ ಮನುಷ್ಯನಿಗೆ? ಒಂದು ದಾಖಲೆಯಲ್ಲಿ 14, ಇನ್ನೊಂದರಲ್ಲಿ 15. ಅಫಿಡವಿಟ್ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವವರು ಅವರು, ನಾವಲ್ಲ. ಫಾರ್ಮಿನಲ್ಲಿ ಇದ್ದದ್ದು ದಿನ ಮಾತ್ರ. ಅದಕ್ಕೆ ಗಂಟೆಯನ್ನೂ ಟೈಮ್ ಜೋನನ್ನೂ ಅಂಟಿಸಿದ್ದು ನಾವು. ದಿನಾಂಕವನ್ನು ದಿನಾಂಕವಾಗಿಯೇ ಇಡಬೇಕು.

ಎರಡನೆಯದು, ಇನ್ನೂ ಬಾರದ ದಿನಗಳು. ಮೆಕ್ಸಿಕೋ ದೇಶ 2022ರ ಅಕ್ಟೋಬರಿನಲ್ಲಿ ಬೇಸಿಗೆಯಲ್ಲಿ ಗಡಿಯಾರ ಮುಂದೆ ತಿರುಗಿಸುವ ಪದ್ಧತಿಯನ್ನೇ ಬಹುಪಾಲು ಕೈಬಿಟ್ಟಿತು. ಅದಕ್ಕೂ ಮೊದಲೇ ಯಾರಾದರೂ 2023ರ ಜುಲೈನ ಬೆಳಗ್ಗೆ 10ರ ಮೆಕ್ಸಿಕೋ ಸಿಟಿ ಮೀಟಿಂಗನ್ನು ಯುಟಿಸಿಗೆ ತಿರುಗಿಸಿಟ್ಟಿದ್ದರೆ ಅದು 9 ಗಂಟೆಗೆ ಬಂದು ನಿಲ್ಲುತ್ತದೆ. 2023ರ ಮಾರ್ಚಿನಲ್ಲಿ ಲೆಬನಾನ್ ಸರ್ಕಾರ ಗಡಿಯಾರ ಮುಂದೆ ಹಾಕಲು ಮೂರೇ ದಿನ ಇರುವಾಗ "ಈಗ ಬೇಡ" ಅಂದಿತು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಕೆಲವು ದಿನ ಒಂದೇ ದೇಶದಲ್ಲಿ ಎರಡು ಗಂಟೆ! ಕೊನೆಗೆ ಸರ್ಕಾರವೇ ಹಿಂದೆ ಸರಿಯಿತು. ಸರ್ಕಾರಗಳು ನಮ್ಮ ಕೋಡ್ ಕೇಳಿ ತೀರ್ಮಾನ ಮಾಡುವುದಿಲ್ಲ ಸ್ವಾಮಿ. ಅದಕ್ಕೇ ಮುಂದಿನ ಅಪಾಯಿಂಟ್‌ಮೆಂಟಿಗೆ ಆ ಊರಿನ ಗಂಟೆ ಮತ್ತು 'ಏಷ್ಯಾ/ಕೋಲ್ಕತಾ' ಥರದ ಜೋನ್ ಹೆಸರು, ಎರಡನ್ನೂ ಬರೆದಿಡಬೇಕು.

"+5.30 ಅಂತ ಬರೆದರೆ ಸಾಲದೇ?" ಸಾಲದು. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಯುದ್ಧದ ಕಾರಣ, ಭಾರತದ ಗಡಿಯಾರವೇ +6.30 ತೋರಿಸುತ್ತಿತ್ತು. 'ಐಎಸ್‌ಟಿ' ಅಂತ ಬರೆದರೂ ಆಗದು. ಇಸ್ರೇಲಿನವರೂ ಐರ್ಲೆಂಡಿನವರೂ ತಮ್ಮ ಸಮಯಕ್ಕೆ ಅದೇ ಮೂರಕ್ಷರ ಬಳಸುತ್ತಾರೆ.

ಆಗಿಹೋದ ಸಂಗತಿಗಳಿಗೆ, ಅಂದರೆ ಯಾವ ಕ್ಷಣದಲ್ಲಿ ಹಣ ಕಟ್ಟಿದರು, ಯಾವಾಗ ಲಾಗಿನ್ ಆದರು ಎಂಬುದಕ್ಕೆ, ಯುಟಿಸಿ ಹೇಳಿ ಮಾಡಿಸಿದ್ದು. ಅಲ್ಲಿ ಕಷಾಯ ಧಾರಾಳವಾಗಿ ಕುಡಿಸಿ.

ಜಾತಕ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಜಾತಕ ಬರೆಯುವವರು ದಿನ, ಗಂಟೆ ಕೇಳಿ ಸುಮ್ಮನಾಗುವುದಿಲ್ಲ. "ಯಾವ ಊರು?" ಅಂತ ಕೇಳಿಯೇ ಕೇಳುತ್ತಾರೆ. ಪದವಿ ಪಡೆದ ನಾವು ಅಷ್ಟಾದರೂ ಕೇಳಬೇಡವೇ? ಏನಂತೀರಿ?