ಕಂಪಿನ ಬಲೆಗೆ ಊರೇ ಒಂದಾಗಬೇಕು

ಹೊರಗೆ ಚೊಕ್ಕಟವಾಗಿ ಕಾಣುವ ಮಾವಿನ ಹಣ್ಣನ್ನು ಹೆಚ್ಚಿದಾಗ ಒಳಗೆ ಬಿಳಿ ಹುಳುಗಳು ಮಿಸುಕಾಡುವುದನ್ನು ನಮ್ಮ ಬೆಳೆಗಾರರೆಲ್ಲ ಕಂಡಿದ್ದಾರೆ. ಇದು ಹಣ್ಣು ನೊಣದ ಕೆಲಸ. ಕೆಲವೆಡೆ ಇದನ್ನೂ ಊಜಿ ಎಂದೇ ಕರೆಯುತ್ತಾರೆ. ಆದರೆ ರೇಷ್ಮೆ ಹುಳುವಿನ ಊಜಿಯೇ ಬೇರೆ, ಇದೇ ಬೇರೆ. ಬಾಗಲೂರು, ಯಲಹಂಕ, ದೇವನಹಳ್ಳಿ ಸುತ್ತಿನ ತೋಟಗಳಲ್ಲಿ ಮಾವು ಮುಗಿದರೆ ಸೀಬೆ, ಸೀಬೆ ಮುಗಿದರೆ ಸಪೋಟ ಎಂದು ಈ ನೊಣಕ್ಕೆ ವರ್ಷವಿಡೀ ಊಟ ಸಿಗುತ್ತದೆ. ಮೇ ತಿಂಗಳ ಮಳೆ ಬಿದ್ದ ಮೇಲೆ ಅದರ ಹಾವಳಿ ಏರುವುದರಿಂದ ತಡವಾಗಿ ಮಾಗುವ ತಳಿಗಳಿಗೆ ಏಟು ಹೆಚ್ಚು.

ಹೆಣ್ಣು ನೊಣ ಬಲಿತ ಕಾಯಿಯ ಸಿಪ್ಪೆಗೆ ಸೂಜಿಯಂತೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಒಂದೆರಡು ದಿನದಲ್ಲಿ ಮರಿಹುಳು ಹೊರಬಂದು ತಿರುಳನ್ನು ತಿನ್ನುತ್ತದೆ. ಹಣ್ಣು ಕೊಳೆತು ಉದುರಿದ ಮೇಲೆ ಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಹಾರುತ್ತದೆ. ಹುಳು ತಿರುಳಿನೊಳಗೆ ಸೇರಿದ ಮೇಲೆ ಎಲೆಯ ಮೇಲೆ ಹೊಡೆದ ಔಷಧಿ ಅದನ್ನು ಮುಟ್ಟುವುದಿಲ್ಲ. ಕೊಯ್ಲಿನ ಹೊತ್ತಿನಲ್ಲಿ ಹೊಡೆದರೆ ವಿಷ ತಿನ್ನುವವನ ಬಾಯಿಗೆ ಹೋಗುತ್ತದೆ. ಆದ್ದರಿಂದ ನೊಣವನ್ನು ಚುಚ್ಚುವ ಮೊದಲೇ ತಡೆಯಬೇಕು. ಅದಕ್ಕೆ ಗಿಡಗಳೇ ಒಂದು ದಾರಿ ತೋರಿಸಿವೆ.

ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಹೌಲೆಟ್ ಎಂಬುವರಿಗೆ ಒಂದು ಸುದ್ದಿ ಬಂತು. ಸೊಳ್ಳೆ ಕಾಟಕ್ಕೆಂದು ಕರವಸ್ತ್ರಕ್ಕೆ ಸಿಟ್ರೊನೆಲ್ಲ ಹುಲ್ಲಿನ ಎಣ್ಣೆ ಹಚ್ಚಿಕೊಂಡರೆ ಹಣ್ಣು ನೊಣಗಳು ಬಂದು ಮುತ್ತುತ್ತವೆ ಎಂಬುದು ಆ ಸುದ್ದಿ. ಅವರು ಇದನ್ನು ಪರೀಕ್ಷಿಸಿ 1912ರಲ್ಲಿ ಪ್ರಕಟಿಸಿದರು. ಬಂದವೆಲ್ಲ ಗಂಡು ನೊಣಗಳು. ಅವನ್ನು ಸೆಳೆಯುವ ವಸ್ತು ಮೀಥೈಲ್ ಯುಜಿನಾಲ್ ಎಂದು 1915ರಲ್ಲಿ ತಿಳಿಸಿದರು. ನಮ್ಮ ಮನೆ ಮುಂದಿನ ತುಳಸಿಯಲ್ಲೂ ಇದೇ ವಸ್ತು ಇದೆ. ಜಜ್ಜಿದ ತುಳಸಿ ಎಲೆಗೆ ಗಂಡು ನೊಣ ಬರುವುದು ಇದರಿಂದಲೇ. ಆದರೆ ಎಲೆಯ ಕಂಪು ಬೇಗ ಆರಿಹೋಗುತ್ತದೆ. ತೋಟದ ಮಟ್ಟಕ್ಕೆ ಮೋಹಕ ಬಲೆಯೇ ಬೇಕು.

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಈ ಬಲೆಯನ್ನು ಬಹುಕಾಲದಿಂದ ಶಿಫಾರಸು ಮಾಡುತ್ತಿದೆ. ಮೀಥೈಲ್ ಯುಜಿನಾಲ್ ಮತ್ತು ಕೀಟನಾಶಕದಲ್ಲಿ ನೆನೆಸಿದ ಪ್ಲೈವುಡ್ ತುಂಡನ್ನು ಡಬ್ಬಿಯೊಳಗೆ ತೂಗುಹಾಕಿರುತ್ತಾರೆ. ಕಾಯಿ ಬಲಿಯುವುದಕ್ಕೆ ಮೊದಲೇ, ಕೊಯ್ಲಿಗೆ ಒಂದೂವರೆ ಎರಡು ತಿಂಗಳು ಮುಂಚೆ, ಎಕರೆಗೆ ಆರರಿಂದ ಹತ್ತು ಬಲೆಗಳನ್ನು ನೆರಳಿನ ಕೊಂಬೆಗಳಿಗೆ ಎದೆಯೆತ್ತರದಲ್ಲಿ ಕಟ್ಟಬೇಕು. ಇರುವೆ ಹತ್ತದಂತೆ ತಂತಿಗೆ ಗ್ರೀಸ್ ಸವರಬೇಕು. ತುಂಡಿನ ಅವಧಿ ಮುಗಿದೊಡನೆ ಬದಲಿಸಬೇಕು. ಹಿಂದೆ ಇಂಥ ಬಲೆಗಳಿಗೆ ಬಳಸುತ್ತಿದ್ದ ಡೈಕ್ಲೋರೋವಾಸ್ 2020ರ ಕೊನೆಯಿಂದ ನಿಷೇಧವಾಗಿದೆ. ಹಳೆಯ ಬಾಟಲಿ ಮನೆಯಲ್ಲಿದ್ದರೂ ಬಳಸಬಾರದು. ಕಂಪು ಬಿಸಿಲಿಗೆ ಬೇಗ ಆರದಂತೆ ಅದನ್ನು ಜೆಲ್‌ನಲ್ಲಿ ಹಿಡಿದಿಡುವ ವಿಧಾನವನ್ನು ಹೆಬ್ಬಾಳದ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯವರು ಸೀಬೆ ತೋಟಗಳಲ್ಲಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ್ದಾರೆ.

ಇಷ್ಟಿದ್ದರೂ "ಬಲೆ ಕಟ್ಟಿದೆ, ಡಬ್ಬಿ ತುಂಬಾ ನೊಣ ಬಿತ್ತು, ಹಣ್ಣು ಮಾತ್ರ ಉಳಿಯಲಿಲ್ಲ" ಎನ್ನುವವರು ಇದ್ದಾರೆ. ಅವರ ಮಾತು ಸುಳ್ಳಲ್ಲ. ಬಲೆಗೆ ಬೀಳುವುದು ಗಂಡು, ಹಣ್ಣು ಚುಚ್ಚುವುದು ಹೆಣ್ಣು. ಅಳಿದುಳಿದ ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುತ್ತದೆ. ಪಕ್ಕದ ತೋಟದಲ್ಲಿ ಕೂಡಿದ ಹೆಣ್ಣು ಬೇಲಿ ದಾಟಿ ನಮ್ಮ ಹಣ್ಣಿಗೆ ಬರುತ್ತದೆ. ಒಂಟಿ ತೋಟದ ಬಲೆ ಸೋಲುವುದು ಇಲ್ಲಿಯೇ. ಜಪಾನಿನವರು ಇದೇ ಕಂಪಿನಿಂದ ಓಕಿನಾವಾ ಕಡೆಯ ದ್ವೀಪಗಳಲ್ಲಿ 1986ರ ವೇಳೆಗೆ ಈ ನೊಣವನ್ನು ನಿರ್ಮೂಲ ಮಾಡಿದರು. ಅಲ್ಲಿ ಸುತ್ತ ಸಮುದ್ರವಿತ್ತು, ಒಂದು ತೋಟವನ್ನೂ ಬಿಡದೆ ಕೆಲಸ ನಡೆಯಿತು. ನಮಗೆ ಸಮುದ್ರವಿಲ್ಲ. ನಿರ್ಮೂಲ ಆಗದಿದ್ದರೂ ಊರೆಲ್ಲ ಒಟ್ಟಾದರೆ ಹಾವಳಿ ಖಂಡಿತ ತಗ್ಗುತ್ತದೆ.

ಬಾಗಲೂರಿನ ಸುತ್ತ ಇನ್ನೊಂದು ತೊಡಕಿದೆ. ಜಮೀನುಗಳು ಬಡಾವಣೆಯಾಗಿ, ಮಾಲೀಕರು ನಗರದಲ್ಲಿದ್ದು, ನಡುವೆ ಹಳೆಯ ಮರಗಳು ಕೇಳುವವರಿಲ್ಲದೆ ನಿಂತಿವೆ. ಅವುಗಳ ಬುಡದಲ್ಲಿ ಕೊಳೆಯುವ ಹಣ್ಣೇ ನೊಣದ ತೊಟ್ಟಿಲು. ಅಂಥ ಮರಕ್ಕೂ ಬಲೆ ಕಟ್ಟಬೇಕು, ಬುಡವನ್ನೂ ಗುಡಿಸಬೇಕು. ಉದುರಿದ ಹಣ್ಣನ್ನು ವಾರಕ್ಕೆರಡು ಬಾರಿ ಆಯ್ದು ಆಳವಾಗಿ ಹೂಳಬೇಕು. ಬರಿದೆ ತಿಪ್ಪೆಗೆ ಎಸೆದರೆ ನೊಣವನ್ನು ಸಾಕಿದಂತೆಯೇ. ಮರದ ಬುಡದ ಮಣ್ಣನ್ನು ಕೆದಕಿದರೆ ಕೋಶಗಳು ಬಿಸಿಲಿಗೂ ಹಕ್ಕಿಗಳಿಗೂ ಸಿಕ್ಕಿ ಸಾಯುತ್ತವೆ.

ಅಸಡ್ಡೆಯ ಬೆಲೆ ಎಷ್ಟೆಂದು ದೇಶವೇ ಕಂಡಿದೆ. ಹಣ್ಣು ನೊಣ ಸಿಕ್ಕಿತೆಂದು ಯೂರೋಪಿನ ಒಕ್ಕೂಟ 2014ರ ಮೇ 1ರಿಂದ ಭಾರತದ ಮಾವನ್ನು ತಡೆಯಿತು. 2015ರಲ್ಲಿ ಬಾಗಿಲು ತೆರೆಯಿತು. ಅಲ್ಲಿಗೆ ಹೋಗುವ ಹಣ್ಣನ್ನು 48 ಡಿಗ್ರಿ ಬಿಸಿನೀರಿನಲ್ಲಿ 60 ನಿಮಿಷ ಇಡುವ ಪದ್ಧತಿ ಆಗ ಬಂತು. ಸಂತೆಗೆ ಹಣ್ಣು ಒಯ್ಯುವ ಸಣ್ಣ ರೈತನಿಗೆ ಆ ಸೌಕರ್ಯವಿಲ್ಲ. ಅವನ ರಕ್ಷಣೆ ತೋಟದಲ್ಲಿಯೇ ಆಗಬೇಕು.

ಆದ್ದರಿಂದ ಕಾಯಿ ಕಚ್ಚುವ ಕಾಲಕ್ಕೆ ಹಾಲಿನ ಸೊಸೈಟಿಯಲ್ಲೋ ವಾಚನಾಲಯದಲ್ಲೋ ಬೆಳೆಗಾರರು ಒಂದು ಸಂಜೆ ಸೇರಲಿ. ಯಾರ ತೋಟ ಎಷ್ಟು, ಬಲೆ ಎಷ್ಟು ಬೇಕು ಎಂದು ಬರೆದುಕೊಂಡು ಒಟ್ಟಿಗೆ ತರಿಸಲಿ, ಒಂದೇ ವಾರದಲ್ಲಿ ಕಟ್ಟಲಿ. ವಾರಸುದಾರರಿಲ್ಲದ ಮರಗಳ ಖರ್ಚನ್ನು ಹಂಚಿಕೊಳ್ಳಲಿ. ನೊಣಕ್ಕೆ ಬೇಲಿಯಿಲ್ಲ. ನಮ್ಮ ಕೆಲಸವೂ ಬೇಲಿಗೆ ನಿಲ್ಲಬಾರದು.